ಒಂದೂವರೆ ತೊಲ ಖಾರ

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ನಲವತ್ತಕ್ಕೂ ಹೆಚ್ಚು ಉದ್ದಿನ ಹಪ್ಪಳಗಳು ಒಣಗಿದವು. ಒಂದೂ ಅರಳಲಿಲ್ಲ. ಕಾದ ಎಣ್ಣೆಗೆ ಬಿಟ್ಟೊಡನೆ ಮುದುಡಿ, ಅಂಚು ಕಪ್ಪಾಗಿ, ಕಡಿದರೆ ಹಲ್ಲು ನೋಯುವಂಥ ಬಿಲ್ಲೆಗಳಾದವು. ಹಿಟ್ಟು ಹೊಸದು, ಬಿಸಿಲಿಗೆ ಕೊರತೆಯಿರಲಿಲ್ಲ, ಎಣ್ಣೆಯೂ ಹದವಾಗಿಯೇ ಕಾದಿತ್ತು. ಹಪ್ಪಳ ಕೆಟ್ಟದ್ದು ಎರಡಕ್ಷರದ ಒಂದು ಶಬ್ದದಿಂದ. ಅದನ್ನು ನಾನು ತಪ್ಪಾಗಿ ಓದಿಕೊಂಡಿದ್ದೆ.

ಅಜ್ಜಿಯ ಕೈಬರಹದ ಪುಸ್ತಕದಲ್ಲಿ ಇದ್ದದ್ದು ಇಷ್ಟು: ‘ಉದ್ದಿನ ಹಿಟ್ಟು 1 ಸೇರು. ಉಪ್ಪು 4 ತೊಲ. ಖಾರ ಒಂದೂವರೆ ತೊಲ. ಮೆಣಸು ತರಿ ಕುಟ್ಟಿದ್ದು ಒಂದು ಹಿಡಿ. ಇಂಗು. ಖಾರ, ಉಪ್ಪು ನೀರಿನಲ್ಲಿ ಕುದಿಸಿ, ಆರಿಸಿ, ಮೇಲಿನ ತಿಳಿಯಲ್ಲಿ ಕಲಸುವುದು. ಎಣ್ಣೆ ಹಚ್ಚಿ ಚೆನ್ನಾಗಿ ಕುಟ್ಟುವುದು.’

ನಾನು ಒಂದೂವರೆ ತೊಲ, ಅಂದರೆ ಸುಮಾರು 17 ಗ್ರಾಂ, ಅಚ್ಚಖಾರದ ಪುಡಿಯನ್ನು ತೂಗಿ ನೀರಿಗೆ ಹಾಕಿ ಕುದಿಸಿದೆ. ಆರಿದ ಮೇಲೆ ಕೆಂಪು ತಿಳಿಯನ್ನು ಬಸಿದು ಹಿಟ್ಟು ಕಲಸಿದೆ. ಅಳತೆ ಎಲ್ಲಿಯೂ ಅನುಮಾನ ಹುಟ್ಟಿಸಲಿಲ್ಲ. ಒಂದು ಸೇರು ಹಿಟ್ಟಿಗೆ ಅಷ್ಟು ಮೆಣಸಿನಕಾಯಿ ಪುಡಿ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹಿಟ್ಟು ಮಾತ್ರ ಲಟ್ಟಣಿಗೆಯಡಿ ಹಿಗ್ಗಲೊಲ್ಲದೆ ಅಂಚಿನಲ್ಲಿ ಬಿರಿಯುತ್ತಿತ್ತು. ನನ್ನ ಕೈಗೆ ರೂಢಿ ತಪ್ಪಿದೆ ಎಂದುಕೊಂಡೆ.

ಸೋದರತ್ತೆಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ ಪ್ರಶ್ನೆಯೇ ‘ಖಾರ ಹಾಕಿದೆಯಾ?’ ಎಂಬುದು.

‘ಹಾಕಿದ್ದೇನೆ ಅತ್ತೆ, ಒಂದೂವರೆ ತೊಲ, ಪುಸ್ತಕದಲ್ಲಿ ಇದ್ದಷ್ಟೇ.’

‘ಹಾಗಾದರೆ ಅರಳಲೇಬೇಕು. ಹಳೆಯ ಖಾರವೇನೋ. ಯಾವ ಅಂಗಡಿಯದು?’

‘ಅಂಗಡಿಯದಲ್ಲ, ಮನೆಯಲ್ಲೇ ಬ್ಯಾಡಗಿ ಮೆಣಸಿನಕಾಯಿ ಹುರಿದು ಪುಡಿ ಮಾಡಿದ್ದು.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. ‘ಅಯ್ಯೋ ಮಗು, ಹಪ್ಪಳಕ್ಕೆ ಹಾಕುವ ಖಾರ ಅದಲ್ಲ. ಅದು ಬೆಳ್ಳಗೆ ಇರುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಹಪ್ಪಳದ ಖಾರ ಎಂದು ಕೇಳಬೇಕು.’

ಬಿಳಿಯ ಖಾರ. ಈ ಪ್ರಕರಣ ಶುರುವಾಗುವುದು ಅಲ್ಲಿಂದ.

ಹಪ್ಪಳದ ಖಾರ ಎಂದರೆ ಮುಖ್ಯವಾಗಿ ಸೋಡಿಯಂ ಕಾರ್ಬೊನೇಟು ಮತ್ತು ಬೈಕಾರ್ಬೊನೇಟು ಇರುವ ಕ್ಷಾರ. ಅದು ಉದ್ದಿನ ಹಿಟ್ಟನ್ನು ಮೆತುವಾಗಿಸಿ, ಬಿರಿಯದೆ ತೆಳ್ಳಗೆ ಹಿಗ್ಗುವಂತೆ ಮಾಡುತ್ತದೆ. ಬಿಸಿ ಎಣ್ಣೆಯಲ್ಲಿ ಅನಿಲ ಬಿಟ್ಟು ಹಪ್ಪಳವನ್ನು ಉಬ್ಬಿಸುವುದೂ ಅದೇ. ನನ್ನ ಹಿಟ್ಟಿನಲ್ಲಿ ಅದು ಇರಲೇ ಇಲ್ಲ. ಅಡುಗೆಯ ಮಟ್ಟಿಗೆ ಪ್ರಕರಣ ಇಲ್ಲಿಗೆ ಮುಗಿಯಿತು. ಆದರೆ ಪುಸ್ತಕವನ್ನು ಮತ್ತೆ ತೆರೆದು ನೋಡಿದಾಗ ನಾಚಿಕೆಯಾಯಿತು. ಸುಳಿವುಗಳೆಲ್ಲ ಕಣ್ಣೆದುರೇ ಇದ್ದವು. ಬಾಯಿ ಚುರುಗುಟ್ಟುವ ಪದಾರ್ಥ ಬೇಕೆಂದಾಗ ಅಜ್ಜಿ ‘ಮೆಣಸು’ ಎಂದು ಬೇರೆಯಾಗಿ ಬರೆದಿದ್ದರು. ಖಾರವನ್ನು ಉಪ್ಪಿನ ಜೊತೆಗೆ ಕುದಿಸಿ ತಿಳಿ ತೆಗೆಯಬೇಕು ಎಂದಿದ್ದರು. ಮೆಣಸಿನಪುಡಿಯ ತಿಳಿ ತೆಗೆದು ಹಪ್ಪಳ ಕಲಸುವವರು ಯಾರಿದ್ದಾರೆ? ಗಸಿಯನ್ನು ತಳದಲ್ಲಿ ಬಿಟ್ಟು ತಿಳಿ ಬಸಿಯುವುದು ಬೂದಿಯಿಂದ ಬಂದ ಪದಾರ್ಥಕ್ಕೆ ಹೇಳಿ ಮಾಡಿಸಿದ ಕ್ರಮ.

ಬೂದಿಯೇ ಇಲ್ಲಿ ಮುಖ್ಯ. ಕ್ಷಾರ ಎಂಬ ಸಂಸ್ಕೃತ ಶಬ್ದಕ್ಕೆ ಸುಡುವ, ಕಚ್ಚುವ, ಕೊರೆಯುವ ಎಂಬ ಅರ್ಥಗಳ ಜೊತೆಗೇ ಗಿಡ ಸುಟ್ಟ ಬೂದಿಯಿಂದ ತೆಗೆದ ಲವಣ ಎಂಬ ಅರ್ಥವೂ ಇದೆ. ಜವೆಗೋಧಿಯ ಗಿಡವನ್ನು ಸುಟ್ಟು ತೆಗೆದದ್ದು ಯವಕ್ಷಾರ. ಅರಬ್ಬಿಯ ‘ಅಲ್ ಕಲಿ’ಯೂ ಇಂಥದೇ: ಚೌಳು ನೆಲದ ಗಿಡದ ಬೂದಿ. ಅದರಿಂದ ಆಲ್ಕಲಿ ಬಂತು. ಮಡಕೆಯಲ್ಲಿ ಉಳಿದ ಬೂದಿಯ ಉಪ್ಪು ಯುರೋಪಿನಲ್ಲಿ ಪೊಟ್ಯಾಷ್ ಆಯಿತು. 1807ರಲ್ಲಿ ಹಂಫ್ರಿ ಡೇವಿ ಅದರಿಂದ ಬೇರ್ಪಡಿಸಿದ ಲೋಹಕ್ಕೆ ಪೊಟ್ಯಾಸಿಯಂ ಎಂದು ಹೆಸರಿಟ್ಟ. ಎಲ್ಲಿ ನೋಡಿದರೂ ಒಲೆಯ ಬೂದಿಯೇ. ಬೂದಿಯಿಂದ ಪಾತ್ರೆ ತೊಳೆದು ಕೈಬೆರಳು ಒಡೆದುಕೊಂಡವರಿಗೆ ಅದು ಹೇಗೆ ‘ಕಚ್ಚುತ್ತದೆ’ ಎಂದು ವಿವರಿಸಬೇಕಾಗಿಲ್ಲ.

ಶಬ್ದದ ಧಾತು ಯಾವುದು ಎಂಬಲ್ಲಿ ಎರಡು ದಾರಿಗಳಿವೆ. ಸುಶ್ರುತ ಸಂಹಿತೆ ‘ಕ್ಷರಣಾತ್ ಕ್ಷಣನಾದ್ವಾ ಕ್ಷಾರಃ’ ಎನ್ನುತ್ತದೆ: ಒಸರುವಂತೆ ಮಾಡುವುದರಿಂದ, ಇಲ್ಲವೇ ಹಿಂಸಿಸುವುದರಿಂದ ಅದು ಕ್ಷಾರ. ಮೊದಲನೆಯದು ‘ಕ್ಷರ್’ ಧಾತು, ಹರಿ, ತೊಟ್ಟಿಕ್ಕು ಎಂಬ ಅರ್ಥದ್ದು. ಇನ್ನೊಂದು ದಾರಿ ‘ಕ್ಷೈ’, ಅಂದರೆ ಸುಡು. ಆಧುನಿಕ ಭಾಷಾಶಾಸ್ತ್ರಜ್ಞರ ಒಲವು ಹೆಚ್ಚಾಗಿ ಈ ‘ಕ್ಷೈ’ ಕಡೆಗಿದೆ. ಗ್ರೀಕಿನಲ್ಲಿ ಒಣಗಿದ್ದು ಎಂಬ ಅರ್ಥದ ‘ಕ್ಸೇರೋಸ್’ ಶಬ್ದವನ್ನು ಅವರು ಕ್ಷಾರದ ಪಕ್ಕದಲ್ಲಿಡುತ್ತಾರೆ. ಸುಟ್ಟದ್ದು ಒಣಗುತ್ತದೆ, ಒಣಗಿದ್ದು ಸುಡುತ್ತದೆ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಶಾಯಿಯ ಒದ್ದೆಯಿಲ್ಲದೆ ಪ್ರತಿ ತೆಗೆಯುವ ವಿಧಾನ ಕಂಡುಹಿಡಿದ. ಅದಕ್ಕೆ ಆಮೇಲೆ ಒಣಬರಹ ಎಂಬರ್ಥದ ಹೆಸರು ಬಂದದ್ದು ಇದೇ ಗ್ರೀಕ್ ಶಬ್ದದಿಂದ. ನಮ್ಮ ತಾಲ್ಲೂಕು ಕಚೇರಿಯ ಎದುರಿನ ‘ಜೆರಾಕ್ಸ್’ ಫಲಕವೂ ಗ್ರಂಥಿಗೆ ಅಂಗಡಿಯ ಬಿಳಿಯ ಪೊಟ್ಟಣವೂ ದೂರದ ದಾಯಾದಿಗಳು.

ಇನ್ನೂ ಹತ್ತಿರದ ದಾಯಾದಿಯೊಂದು ಕನ್ನಡದ ದಿನಬಳಕೆಯಲ್ಲೇ ಇದೆ: ಕ್ಷಾಮ. ಮಳೆಯಿಲ್ಲದ ವರ್ಷಕ್ಕೆ ನಾವು ಕೊಡುವ ಈ ಹೆಸರಿನ ಮೂಲಾರ್ಥ ಸುಟ್ಟುಹೋದದ್ದು, ಸೊರಗಿದ್ದು ಎಂದು. ಪಾಣಿನಿ ಇದಕ್ಕೆ ‘ಕ್ಷಾಯೋ ಮಃ’ ಎಂಬ ಸೂತ್ರವನ್ನೇ ಮಾಡಿದ್ದಾನೆ (8.2.53). ಅದರ ಹಿಂದಿನ ಎರಡು ಸೂತ್ರಗಳಲ್ಲಿ ಸಿದ್ಧವಾಗುವ ರೂಪಗಳು ಶುಷ್ಕ ಮತ್ತು ಪಕ್ವ. ಒಣಗಿದ್ದು, ಬೆಂದದ್ದು, ಸುಟ್ಟದ್ದು ಸಾಲಾಗಿ ನಿಂತಿವೆ. ವೈಯಾಕರಣನ ಒಲೆಯೊಂದು ಅಲ್ಲಿ ಉರಿಯುತ್ತಿತ್ತೇನೋ ಎಂದು ತಮಾಷೆಗೆ ಅನ್ನಿಸುತ್ತದೆ.

ನನ್ನ ಮಟ್ಟಿಗೆ ಕ್ಷರ್, ಕ್ಷೈ ಎಂಬ ಜಗಳದಲ್ಲಿ ಕ್ಷಾರ ತಯಾರಿಸುತ್ತಿದ್ದವರು ಯಾರ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ. ಸುಶ್ರುತನು ಹೇಳುವ ವಿಧಾನವನ್ನೇ ನೋಡಿ. ಗಿಡವನ್ನು ಸುಡಬೇಕು. ಬೂದಿಯನ್ನು ಆರು ಪಾಲು ನೀರಿನಲ್ಲಿ ಕಲಕಬೇಕು. 21 ಸಲ ಸೋಸಬೇಕು. ಸೋಸಿದ್ದನ್ನು ಕುದಿಸಬೇಕು. ಮೊದಲು ಸುಡುವುದು, ಆಮೇಲೆ ತೊಟ್ಟಿಕ್ಕಿಸುವುದು. ಒಂದೇ ವಸ್ತುವಿನ ತಯಾರಿಯಲ್ಲಿ ಎರಡು ಧಾತುಗಳ ಕೆಲಸವೂ ಆಗಿಹೋಗುತ್ತದೆ. ಶಬ್ದ ಎಲ್ಲಿಂದಲೇ ಹುಟ್ಟಿರಲಿ, ಕೇಳಿದವರ ಕಿವಿಯಲ್ಲಿ ಎರಡೂ ಮೊಳಗುತ್ತಿದ್ದಿರಬೇಕು. ಹೀಗೆ ತಯಾರಾದ ಕ್ಷಾರವನ್ನು ಸುಶ್ರುತ ಶಸ್ತ್ರಗಳಿಗಿಂತ ಮೇಲಿನದೆಂದು ಹೊಗಳುತ್ತಾನೆ, ಏಕೆಂದರೆ ಅದು ಕಡಿಯುತ್ತದೆ, ಸೀಳುತ್ತದೆ, ಕೆರೆಯುತ್ತದೆ, ಜೊತೆಗೆ ವಾತ, ಪಿತ್ತ, ಕಫ ಮೂರನ್ನೂ ಶಮನಗೊಳಿಸುತ್ತದೆ. ಮೂಲವ್ಯಾಧಿ, ಭಗಂದರಗಳಿಗೆ ಇಂದಿಗೂ ಆಯುರ್ವೇದದಲ್ಲಿ ಬಳಸುವ ಕ್ಷಾರಸೂತ್ರ, ಅಂದರೆ ಕ್ಷಾರ ಲೇಪಿಸಿದ ದಾರ, ಆ ಪರಂಪರೆಯದೇ. ಗಾಯದ ಮೇಲೆ ಇನ್ನೊಂದು ನೋವು ಬಿದ್ದಾಗ ಸಂಸ್ಕೃತದವರು ‘ಕ್ಷತೇ ಕ್ಷಾರ’ ಎಂದರು. ನಾವು ಗಾಯಕ್ಕೆ ಉಪ್ಪು ಸವರಿದಂತೆ ಎನ್ನುತ್ತೇವೆ.

ಈಗ ನನ್ನ ಕೆಂಪು ಪುಡಿಗೆ ಬರೋಣ. ಬೂದಿಯ ಲವಣಕ್ಕೆ ಇದ್ದ ಹೆಸರು ಮೆಣಸಿನಕಾಯಿಗೆ ಹೇಗೆ ಬಂತು?

ಕ್ಷಾರ ಪ್ರಾಕೃತಗಳಲ್ಲಿ ಎರಡಾಗಿ ಒಡೆಯಿತು. ಒಂದು ಕಡೆ ‘ಛಾರ’, ಬೂದಿ ಎಂಬ ಅರ್ಥದಲ್ಲಿ. ಪಾಲಿಯಲ್ಲಿ ಬೂದಿಗೆ ‘ಛಾರಿಕಾ’. ಇನ್ನೊಂದು ಕಡೆ ‘ಖಾರ’. ಈ ಖಾರ ಉತ್ತರದಲ್ಲಿ ಉಪ್ಪಿನ ಕಡೆಗೆ ಸರಿಯಿತು. ಹಿಂದಿಯ ಖಾರಾ ಪಾನೀ ಎಂದರೆ ಉಪ್ಪುನೀರು, ಮರಾಠಿಯ ಖಾರಟ ಎಂದರೆ ಉಪ್ಪುಪ್ಪಾದದ್ದು. ಬಾಯಿ ಉರಿಯುವ ರುಚಿಗೆ ಆ ಕಡೆಯವರು ತೀಕ್ಷ್ಣದಿಂದ ಬಂದ ತೀಖಾ, ತಿಖಟ ಎಂಬ ಬೇರೆ ಶಬ್ದಗಳನ್ನು ಇಟ್ಟುಕೊಂಡರು. ಅಸ್ಸಾಮಿನಲ್ಲಿ ಇನ್ನೂ ಸೊಗಸು: ಬಾಳೆಕಾಯಿಯ ಸಿಪ್ಪೆ ಸುಟ್ಟ ಬೂದಿಯ ನೀರಿನಿಂದ ಮಾಡುವ ಅಡುಗೆಗೇ ಖಾರ್ ಎಂದು ಹೆಸರು. ಮೂಲಾರ್ಥ ಅಲ್ಲಿ ತಟ್ಟೆಗೇ ಬಂದು ಕೂತಿದೆ.

ದಕ್ಷಿಣದಲ್ಲಿ ಅದು ಉರಿಯುವ ರುಚಿಯ ಕಡೆಗೆ ಹೊರಳಿತು. ತೆಲುಗಿನ ಕಾರಂ, ತಮಿಳಿನ ಕಾರಂ, ನಮ್ಮ ಕಾರ, ಖಾರ ಎಲ್ಲವೂ ನಾಲಗೆ ಉರಿಸುವಂಥವೇ. ಗಡಿಯಲ್ಲಿ ಈ ವ್ಯತ್ಯಾಸ ಊಟದ ತಟ್ಟೆಯ ಮುಂದೆಯೇ ಎಡವಟ್ಟಾಗುತ್ತದೆ. ಉತ್ತರದ ಅತಿಥಿ ಸಾರು ಉಪ್ಪಾಗಿದೆ ಎಂಬ ಅರ್ಥದಲ್ಲಿ ‘ಖಾರಾ’ ಎಂದರೆ ನಾವು ಮೊಸರು ತಂದು ಬಡಿಸುತ್ತೇವೆ. ಬೇಕರಿಯಲ್ಲಿ ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಸಿಗುತ್ತದೆ. ಮುಂಬೈಯ ಖಾರಿ ಬಿಸ್ಕತ್ತು ಪದರಪದರವಾದ ಉಪ್ಪು ತಿಂಡಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತಿನಲ್ಲಿ ಹಸಿಮೆಣಸಿನಕಾಯಿ, ಕರಿಬೇವಿನ ತುಣುಕುಗಳು ಇರಲೇಬೇಕು. ಒಂದೇ ಹೆಸರು, ಒಂದೇ ಗಾಜಿನ ಭರಣಿ, ಬೇರೆಬೇರೆ ನಾಲಗೆ. ಹಿಂದಿಯವರ ‘ಮೀಠಾ, ನಮಕೀನ್’ ಜೋಡಿಗೆ ನಮ್ಮಲ್ಲಿ ಸಮಾನವಾಗಿ ನಿಲ್ಲುವುದು ‘ಸಿಹಿ, ಖಾರ’. ಸಿಹಿ ಪೊಂಗಲ್ ಅಲ್ಲದ್ದು ಖಾರ ಪೊಂಗಲ್. ಉಪ್ಪಿನ ಸ್ಥಾನದಲ್ಲಿ ಇಲ್ಲಿ ಖಾರ ಕೂತಿದೆ.

ಉಪ್ಪೋ ಉರಿಯೋ ಎಂಬ ಈ ಇಬ್ಬಗೆ ಶಬ್ದಕ್ಕೆ ಆಮೇಲೆ ಅಂಟಿದ ರೋಗವಲ್ಲ. ಅದು ಹುಟ್ಟಿನಿಂದಲೇ ಇತ್ತು ಎಂದು ನನಗೆ ಅನ್ನಿಸಿದ್ದು ಚರಕ ಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯ ಓದಿದಾಗ. ಚೈತ್ರರಥವೆಂಬ ವನದಲ್ಲಿ ಋಷಿಗಳು ಸೇರಿ ರಸಗಳು, ಅಂದರೆ ರುಚಿಗಳು, ಎಷ್ಟು ಎಂದು ವಾದಿಸುತ್ತಾರೆ. ಒಬ್ಬ ಒಂದೇ ಎನ್ನುತ್ತಾನೆ, ಇನ್ನೊಬ್ಬ ಎರಡು ಎನ್ನುತ್ತಾನೆ, ಹೀಗೆ ಏರುತ್ತ ಹೋಗುತ್ತದೆ. ವಿದೇಹದ ನಿಮಿ ಏಳು ಎನ್ನುತ್ತಾನೆ. ಅವನ ಏಳನೆಯ ರಸ ಕ್ಷಾರ. ಬಡಿಶ ಧಾಮಾರ್ಗವ ಅವ್ಯಕ್ತವೆಂಬುದನ್ನೂ ಸೇರಿಸಿ ಎಂಟು ಮಾಡುತ್ತಾನೆ. ಕೊನೆಗೆ ಆತ್ರೇಯ ಆರೇ ಎಂದು ತೀರ್ಪು ಕೊಟ್ಟು ಕ್ಷಾರವನ್ನು ಪಟ್ಟಿಯಿಂದ ಹೊರಗೆ ಹಾಕುತ್ತಾನೆ. ಕಾರಣ: ಕ್ಷಾರ ರಸವಲ್ಲ, ದ್ರವ್ಯ. ಹಲವು ರಸಗಳಿಂದ ಹುಟ್ಟಿದ್ದು, ಹಲವು ಇಂದ್ರಿಯಗಳಿಗೆ ತಾಗುವಂಥದು, ತಯಾರಿಕೆಯಿಂದ ಬಂದದ್ದು. ನಡುವೆ ಒಂದು ಮಾತು ಬರುತ್ತದೆ: ‘ಕಟುಕಲವಣಭೂಯಿಷ್ಠಂ’. ಅದರಲ್ಲಿ ಹೆಚ್ಚಾಗಿರುವುದು ಕಟು ಮತ್ತು ಲವಣ.

ಕಟು ಎಂದರೆ ಮೆಣಸು, ಶುಂಠಿಗಳ ರುಚಿ. ಲವಣ ಎಂದರೆ ಉಪ್ಪು. ಆತ್ರೇಯ ಒಂದೇ ವಸ್ತುವಿನಲ್ಲಿ ಕಂಡ ಎರಡು ರುಚಿಗಳನ್ನು ಎರಡು ಸೀಮೆಗಳು ಪಾಲು ಮಾಡಿಕೊಂಡಂತಿದೆ. ಉತ್ತರಕ್ಕೆ ಲವಣ, ದಕ್ಷಿಣಕ್ಕೆ ಕಟು. ಚರಕವನ್ನು ಓದಿಕೊಂಡು ಜನ ಮಾತು ಹಂಚಿಕೊಂಡರು ಎಂದು ನಾನು ಹೇಳುತ್ತಿಲ್ಲ. ಬೂದಿನೀರನ್ನು ನಾಲಗೆಗೆ ತಾಗಿಸಿಕೊಂಡ ಯಾರಿಗಾದರೂ ಆ ಎರಡು ಹೋಲಿಕೆಗಳೇ ಹೊಳೆಯುತ್ತವೆ.

ದಕ್ಷಿಣ ಕಟುವನ್ನೇ ಏಕೆ ಆರಿಸಿತು? ಇಲ್ಲಿ ಖಾರ ಸಂಸ್ಕೃತದ್ದೇ ಅಲ್ಲ, ದ್ರಾವಿಡ ಮೂಲದ್ದು ಎನ್ನುವವರ ವಾದಕ್ಕೂ ಜಾಗ ಕೊಡಬೇಕು. ತಮಿಳಿನ ಆರು ರುಚಿಗಳಲ್ಲಿ ಕಾರ್ಪ್ಪು ಒಂದು. ಅದು ಕ್ಷಾರದಿಂದ ಹುಟ್ಟಿದಂತೆ ಕಾಣುವುದಿಲ್ಲ. ಉಪ್ಪು ಹೆಚ್ಚಾಗಿ ನಾಲಗೆ ಚುರುಗುಟ್ಟಿದರೆ ತಮಿಳರು ಉಪ್ಪು ‘ಕರಿಕ್ಕಿದು’ ಎನ್ನುತ್ತಾರೆ. ನಮ್ಮ ಕರಕಲು, ಕರಿಯುವುದು ಇವುಗಳ ಸದ್ದೂ ಅಲ್ಲೇ ಆಸುಪಾಸಿನಲ್ಲಿದೆ. ಮಲಯಾಳದವರಂತೂ ಈ ರುಚಿಯನ್ನು ನೇರವಾಗಿ ಎರಿವು, ಅಂದರೆ ಉರಿ ಎಂದೇ ಕರೆಯುತ್ತಾರೆ. ನನ್ನ ಊಹೆ ಇಷ್ಟು: ಉತ್ತರದಿಂದ ಬಂದ ಕಾರ ಎಂಬ ಬೂದಿಯ ಹೆಸರಿಗೆ ಇಲ್ಲಿ ಆಗಲೇ ಇದ್ದ, ಉರಿಯನ್ನು ಸೂಚಿಸುವ ದೇಶ್ಯ ಮಾತು ಎದುರಾಯಿತು. ಎರಡೂ ಒಂದೇ ಸದ್ದು, ಹೆಚ್ಚುಕಡಿಮೆ ಒಂದೇ ಅನುಭವ. ಕೂಡಿಕೊಂಡವು. ಆದ್ದರಿಂದ ‘ಕಾರವೇ ಶುದ್ಧ, ಖಾರ ತಪ್ಪು’ ಎಂದು ಮಹಾಪ್ರಾಣದ ಮೇಲೆ ಸಿಡುಕುವವರ ಜೊತೆಗೂ, ‘ಕಾರ ಎಂದು ಬರೆಯುವುದು ಅಜ್ಞಾನ’ ಎನ್ನುವವರ ಜೊತೆಗೂ ನನಗೆ ಸಹಮತವಿಲ್ಲ. ಅಕ್ಷರ ಅಕ್ಕರವಾದಂತೆ, ಪಕ್ಷಿ ಹಕ್ಕಿಯಾದಂತೆ ಕ್ಷಾರ ಕಾರವಾಗುವುದು ಕನ್ನಡದ ತದ್ಭವದ ದಾರಿ. ಖಾರ ಪ್ರಾಕೃತದ ಉಸಿರನ್ನು ಉಳಿಸಿಕೊಂಡ ರೂಪ. ಮರಾಠಿಯ ನೆರೆಯಲ್ಲಿ, ಮಸಾಲಿ ಖಾರ ಕುಟ್ಟುವ ಉತ್ತರ ಕರ್ನಾಟಕದಲ್ಲಿ, ಆ ಉಸಿರು ಗಟ್ಟಿಯಾಗಿಯೇ ಕೇಳುತ್ತದೆ.

ಇನ್ನು ಮೆಣಸಿನಕಾಯಿ. ಅದು ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ, ಅಂದರೆ 1498ರ ನಂತರ, ಈ ನೆಲಕ್ಕೆ ಬಂದದ್ದು. ಆಗ ಅದಕ್ಕೆ ಹೊಸ ಹೆಸರು ಹುಡುಕುವ ಗೋಜಿಗೆ ನಾವು ಹೋಗಲಿಲ್ಲ. ಕಾಳುಮೆಣಸಿನ ಹೆಸರನ್ನೇ ಎರವಲು ಪಡೆದು ಮೆಣಸಿನಕಾಯಿ ಎಂದೆವು, ಪುಡಿಗೆ ಖಾರವೆಂದೆವು. ನಿನ್ನೆ ಬಂದ ಹಣ್ಣು ಬೂದಿಯ ಹೆಸರನ್ನು ಎಷ್ಟು ನುಂಗಿಹಾಕಿತೆಂದರೆ, ನನ್ನಂಥವನು ಅಜ್ಜಿಯ ಸಾಲನ್ನು ಬೇರೆ ಥರ ಓದಬಹುದೆಂದು ಊಹಿಸಲೂ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾಗುವುದು ರುಚಿಯ ಮೊಗ್ಗುಗಳಿಗಲ್ಲ, ಬಿಸಿಯನ್ನು ಗ್ರಹಿಸುವ ನರದ ಗ್ರಾಹಕಕ್ಕೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೆ ಎಚ್ಚರಗೊಳ್ಳುವ ಈ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು. 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರು ಪಾಲು ಪಡೆದರು. ಅಂದರೆ ಬಾಯಿ ಉರಿಯಿತು ಎನ್ನುವುದು ಉಪಮೆಯಲ್ಲ. ಮಿದುಳಿಗೆ ಹೋಗುವ ವರದಿಯೇ ಅದು.

ಹಳೆಯ ಅರ್ಥ ಕನ್ನಡದಿಂದ ಪೂರ್ತಿ ಅಳಿದಿಲ್ಲ ಎಂಬುದಕ್ಕೆ ಹಪ್ಪಳದ ಖಾರ ಒಂದೇ ಸಾಕ್ಷಿಯಲ್ಲ. ತಮಿಳರಲ್ಲೂ ಅದು ಅಪ್ಪಳಕ್ಕಾರವೇ. ಅದಕ್ಕಿಂತ ಚೆಂದದ ಸಾಕ್ಷಿ ಅಕ್ಕಸಾಲಿಗರ ಪೆಟ್ಟಿಗೆಯಲ್ಲಿದೆ. ಚಿನ್ನಕ್ಕೆ ಬೆಸುಗೆ ಹಾಕುವಾಗ ಬಳಸುವ ಬಿಳಿಗಾರ, ಅಂದರೆ ಬೊರಾಕ್ಸ್. ಚಿಕ್ಕಂದಿನಲ್ಲಿ ನಾನು ಇದನ್ನು ಬಳೆಗಾರ, ಮಾಲೆಗಾರರ ಸಾಲಿಗೆ ಸೇರಿಸಿ, ಬಿಳಿ ಮಾಡುವ ಯಾರೋ ಒಬ್ಬ ಮನುಷ್ಯನೆಂದು ತಿಳಿದಿದ್ದೆ. ಬಿಳಿ ಮತ್ತು ಕಾರ ಸೇರಿ, ‘ಮಳೆಗಾಲ’ ಎಂಬ ಶಬ್ದದಲ್ಲಿ ಕಕಾರ ಗಕಾರವಾದಂತೆ, ಬಿಳಿಗಾರವಾಗಿದೆ. ತೆಲುಗಿನ ವೆಲಿಗಾರಮು, ತಮಿಳಿನ ವೆಂಕಾರಂ ಅದೇ ಅಚ್ಚಿನವು. ಬಿಳಿಯ ಕ್ಷಾರ. ಅತ್ತೆ ಫೋನಿನಲ್ಲಿ ಹೇಳಿದ ‘ಅದು ಬೆಳ್ಳಗೆ ಇರುತ್ತದೆ’ ಎಂಬ ಮಾತು ಆ ಶಬ್ದದೊಳಗೆ ಎಷ್ಟೋ ಕಾಲದಿಂದ ಕೂತಿತ್ತು.

ಪುಸ್ತಕದಲ್ಲಿ ಅಜ್ಜಿಯ ಸಾಲಿನ ಪಕ್ಕಕ್ಕೆ ಪೆನ್ಸಿಲಿನಲ್ಲಿ ‘ಬಿಳಿಯದು’ ಎಂದು ಬರೆದೆ. ಗ್ರಂಥಿಗೆ ಅಂಗಡಿಯವರು ಏನೂ ಕೇಳದೆ ಪೊಟ್ಟಣ ಕಟ್ಟಿಕೊಟ್ಟರು. ಎರಡನೆಯ ಸಲದ ಹಪ್ಪಳ ಲಟ್ಟಣಿಗೆಯಡಿ ರೇಷ್ಮೆಯಂತೆ ಹಿಗ್ಗಿತು, ಎಣ್ಣೆಯಲ್ಲಿ ಬಾಣಲೆಯ ಅಗಲಕ್ಕೆ ಅರಳಿತು. ಅತ್ತೆ ಬಂದಿದ್ದರು. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ‘ಖಾರ ಒಂದು ಚೂರು ಹೆಚ್ಚಾಯಿತು’ ಎಂದರು.

ಹಪ್ಪಳ ಇರಬೇಕಾದ್ದಕ್ಕಿಂತ ಕೆಂಪಗಾಗಿತ್ತು, ನಾಲಗೆಯ ತುದಿಯಲ್ಲಿ ಸಾಬೂನಿನ ಒಗರು. ಈ ಸಲ ಯಾವ ಖಾರವೆಂದು ನಾನು ಕೇಳಲಿಲ್ಲ.